ವಿಲ್ಫ್ ಕಂಡ ಜೊಂಡುಕೊಕ್ಕರೆ

ನಮ್ಮ ಪಕ್ಕದ ಮನೆಯ ವಿಲ್ಫ್ ಎಕರ್ಸ್ಲಿಯ ಕತ್ತಿನಲ್ಲಿ ಒಂದು ಬೀಗದ ಕೈ ಸದಾ ನೇತಾಡುತ್ತಿರುತ್ತದೆ. ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆಯುವುದಿಲ್ಲವಂತೆ. ಹೀಗೆಂದು ಅವನ ಹೆಂಡತಿ ಡೋರೀನ್ ಹಿತ್ತಲ ಗೋಡೆಯ ಮೇಲಿಂದ ನನಗೆ ಹೇಳಿದಳು.

"ಮದುವೆ ಉಂಗುರಾನ ಸಿಂಕಲ್ಲಿ ಬಿಟ್ಟು ಕಳ್ಕೊಂಡ ಕಣೇ. ಕೊಳಚೆ ಘಟಕದ ಕೀ ಮಾತ್ರ ಎದೆ ಮೇಲೆ ಇಟ್ಕೊಂಡು ಮಲಗ್ತಾನೆ. ಇಂಥವನ ಜೊತೆ ನಾನು ಬಾಳಿದ್ದೀನಿ ನೋಡು."

ನನ್ನ ತಾಳಿಗೂ ಅಷ್ಟು ಮರ್ಯಾದೆ ಸಿಕ್ಕಿಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ.

ಆ ಬೀಗದ ಕೈ ಥಾರ್ನ್‌ಶಾ ಊರಿನ ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಹಿಂಬಾಗಿಲಿನದು. ಆ ಬಾಗಿಲಿನಾಚೆ ಹಿಂದೆ ಜಲ್ಲಿ ತೆಗೆದ ಗುಂಡಿಗಳಿದ್ದವು. ಈಗ ಅವುಗಳಲ್ಲಿ ನೀರು ನಿಂತು ಕೆರೆಯಾಗಿದೆ. ಸುತ್ತ ಜೊಂಡು, ಒಂದು ಕಡೆ ಮುರುಕು ಬೆಂಚಿನ ಮರದ ಗುಡಿಸಲು, ನೀರಿನ ನಡುವೆ ಯಾರೋ ಎಸೆದ ಸೂಪರ್‌ಮಾರ್ಕೆಟ್ ಟ್ರಾಲಿ. ಆ ಟ್ರಾಲಿಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರವಿಕೊಂಡು ಬಟ್ಟೆ ಒಣಗಿಸುವ ಹಾಗೆ ನಿಂತಿರುತ್ತದೆ. ಹಕ್ಕಿ ನೋಡುವವರು ತಾವು ದಿನಾ ಹೋಗುವ ಇಂಥ ಜಾಗಕ್ಕೆ ‘ಪ್ಯಾಚ್’ ಅನ್ನುತ್ತಾರೆ. ಹರಿದ ಚಡ್ಡಿಗೆ ಹಾಕುವ ತೇಪೆಗೂ ಇಲ್ಲಿ ಅದೇ ಮಾತು. ಒಮ್ಮೆ ನಮ್ಮ ಊರಿನವರ ತೇಪೆಯನ್ನು ನೋಡಿದರೆ ಎರಡಕ್ಕೂ ಒಂದೇ ಮಾತು ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಾನು ನಮ್ಮ ದೇಶದಿಂದ ಬಂದು ಈ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಇಲ್ಲೇ ಕೂದಲು ನರೆಸಿಕೊಂಡವಳು. ಥಾರ್ನ್‌ಶಾ ಪಕ್ಷಿ ಸಂಘದ ಕಾರ್ಯದರ್ಶಿಯೂ ನಾನೇ. ಹಕ್ಕಿಗಳ ಬಗ್ಗೆ ತಿಳಿದಿದೆ ಎಂದಲ್ಲ, ಅಕ್ಷರ ದುಂಡಗಿದೆ ಎಂದು ಆ ಕೆಲಸ ಕೊಟ್ಟರು. ಬಾತುಕೋಳಿಗೂ ಹಂಸಕ್ಕೂ ವ್ಯತ್ಯಾಸ ಹೇಳಬಲ್ಲೆ. ಅದರಾಚೆಗೆ ಎಲ್ಲವೂ ನನಗೆ ಕಂದು ಬಣ್ಣದ ಹಕ್ಕಿಗಳೇ.

ವಿಲ್ಫ್ ಬಸ್ ಡ್ರೈವರಾಗಿದ್ದ. ಎಲ್ಲರನ್ನೂ ‘ಚಿನ್ನಾ’ ಎಂದು ಕರೆಯುವುದು ಇಲ್ಲಿನ ಡ್ರೈವರುಗಳ ರೂಢಿ. ವಿಲ್ಫ್ ಪಾದ್ರಿಗಳನ್ನೂ ಹಾಗೇ ಕರೆಯುತ್ತಿದ್ದ. ಅವನ ಬಸ್ಸು ಕೆರೆಯ ದಂಡೆಯ ಮೇಲೆ ಹೋಗುತ್ತಿತ್ತು. ಒಂದು ದಿನ ಬಸ್ಸಿನ ತುಂಬಾ ಜನ ಇರುವಾಗಲೇ ಗಕ್ಕನೆ ಬ್ರೇಕು ಹಾಕಿ, "ಎಲ್ಲಾರೂ ಎಡಗಡೆ ನೋಡಿ ಚಿನ್ನಾ, ಗಿಡುಗ ಮೀನು ಹಿಡೀತಿದೆ" ಎಂದನಂತೆ. ಎಲ್ಲರೂ ನೋಡಿದರು. ಹಲ್ಲು ಕೀಳಿಸಲು ಹೊರಟಿದ್ದ ಹೆಂಗಸೊಬ್ಬಳು ತಡವಾದದ್ದಕ್ಕೆ ಕೈಮುಗಿದಳು. ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಿದವನು ಚೆಕಿಂಗ್ ಇನ್ಸ್‌ಪೆಕ್ಟರ್ ಗಾರ್ಡನ್ ಪಿಲ್ಲಿಂಗ್. ಸಮವಸ್ತ್ರದ ಗುಂಡಿಗಳನ್ನೆಲ್ಲ ಹಾಕಿಕೊಂಡು ಹುಟ್ಟಿದಂಥ ಮನುಷ್ಯ. ಬಸ್ಸು ತಡವಾದದ್ದಕ್ಕೆ ವಿಲ್ಫ್ ಮೇಲೆ ದೂರು ಬರೆದ. ಬರೆದು ಮುಗಿಸಿ ಪೆನ್ನು ಜೇಬಿಗೆ ಹಾಕಿಕೊಳ್ಳುತ್ತ ಕೇಳಿದ, "ಯಾವ ಕಡೆ ಹೋಯ್ತು?"

ಅವತ್ತು ಸಂಜೆ ಸೈಕಲ್ ತುಳಿದುಕೊಂಡು ಕೆರೆಗೆ ಹೋದ ಪಿಲ್ಲಿಂಗ್‌ಗೆ ಹಕ್ಕಿಯ ಹುಚ್ಚು ಹಿಡಿಯಿತು. ಹಿಡಿಸಿದವನು ವಿಲ್ಫ್. ದೂರಿನ ಮೇಲೆ ದಂಡ ಕಟ್ಟಿದವನೂ ವಿಲ್ಫ್. ಇಬ್ಬರೂ ನಿವೃತ್ತರಾದ ಮೇಲೂ ಆ ಸಂಬಂಧ ಹಾಗೇ ಉಳಿಯಿತು. ವಿಲ್ಫ್ ಹಕ್ಕಿ ನೋಡುತ್ತಾನೆ, ಪಿಲ್ಲಿಂಗ್ ವಿಲ್ಫನನ್ನು ಚೆಕ್ ಮಾಡುತ್ತಾನೆ. ಸಂಘದಲ್ಲಿ ಯಾರು ಯಾವ ಅಪರೂಪದ ಹಕ್ಕಿ ಕಂಡೆ ಎಂದರೂ ಪಿಲ್ಲಿಂಗ್ ಕೈ ಚಾಚಿ, "ಟಿಕೆಟ್?" ಅನ್ನುತ್ತಾನೆ. ಅಂದರೆ ಫೋಟೋ ತೋರಿಸಬೇಕು, ಇಲ್ಲವೇ ಅದೇ ಹಕ್ಕಿಯನ್ನು ಅದೇ ಹೊತ್ತಿಗೆ ಕಂಡ ಇನ್ನೊಬ್ಬರನ್ನು ಕರೆತರಬೇಕು. ಆ ನಿಯಮ ಮಾಡಿದವನೂ ಅವನೇ.

ಹೋದ ವರ್ಷ ನಮ್ಮಲ್ಲಿ ಚಳಿಗಾಲ ಬರಲೇ ಇಲ್ಲ. ಹೊಸ ವರ್ಷದ ಹೊತ್ತಿಗೇ ವಸಂತದ ಡ್ಯಾಫೋಡಿಲ್ ಗಿಡಗಳು ಹೂ ಬಿಟ್ಟವು. ಡೋರೀನಳ ಬಟ್ಟೆ ಹೊರಗೆ ಹಗ್ಗದ ಮೇಲೆ ಒಣಗಿತು. ಜನವರಿಯಲ್ಲಿ ಐಸ್‌ಕ್ರೀಂ ಗಾಡಿ ಗಂಟೆ ಬಾರಿಸಿಕೊಂಡು ಬೀದಿಗೆ ಬಂತು. ಹವಾಮಾನವನ್ನು ಬೈಯುವುದನ್ನೇ ಕಸುಬು ಮಾಡಿಕೊಂಡ ನಮ್ಮ ಊರಿನವರಿಗೆ ಏನು ಮಾತಾಡಬೇಕೆಂದೇ ತೋಚದೆ, ಒಬ್ಬರಿಗೊಬ್ಬರು "ಇದಕ್ಕೆ ಮುಂದೆ ಅನುಭವಿಸ್ತೀವಿ ನೋಡಿ" ಎಂದು ಸಮಾಧಾನ ಹೇಳಿಕೊಂಡರು.

ಇಡೀ ಊರಿನಲ್ಲಿ ಮುಖ ಊದಿಸಿಕೊಂಡು ತಿರುಗುತ್ತಿದ್ದವನು ವಿಲ್ಫ್ ಒಬ್ಬನೇ.

"ರಷ್ಯಾದಲ್ಲಿ ಕೆರೆ ಹೆಪ್ಪುಗಟ್ಟಿದ್ರೆ ಬಾತುಗಳು ಇಲ್ಲಿಗೆ ಬರ್ತಾವೆ ಚಿನ್ನಾ. ಅಲ್ಲೇ ಬೆಚ್ಚಗಿದ್ರೆ ಯಾಕೆ ಬರ್ತಾವೆ, ಹೇಳು? ಥಾರ್ನ್‌ಶಾಗೆ ಬರ್ದೇ ಇರೋಕೆ ಒಂದು ನೆಪ ಸಿಕ್ಕಿದ್ರೆ ನಾನೂ ಬರ್ತಿರ್ಲಿಲ್ಲ."

ತೇಪೆಯಲ್ಲಿ ನೀರುಕೋಳಿ, ಟ್ರಾಲಿಯ ಮೇಲಿನ ನೀರುಕಾಗೆ, ಇಷ್ಟೇ. ದಕ್ಷಿಣಕ್ಕೆ ಹಾರಿಹೋಗಬೇಕಿದ್ದ ಬೆರಳುದ್ದದ ಹಕ್ಕಿಗಳು ಕೊಳಚೆಯ ನೊಣಗಳನ್ನು ತಿನ್ನುತ್ತ ಇಲ್ಲೇ ಉಳಿದುಬಿಟ್ಟಿದ್ದವು. ಆದರೂ ವಿಲ್ಫ್ ದಿನಾ ಬೆಳಗ್ಗೆ ಹೋಗಿ ಗುಡಿಸಲಿನಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಜನವರಿಯ ಒಂದು ಬೆಳಗ್ಗೆ ನಾನು ನಮ್ಮ ಮನೆ ಗೇಟಿನ ಹತ್ತಿರ ನಿಂತಿದ್ದಾಗ ಅವನು ವಾಪಸ್ಸು ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು. ಹಳೇ ಚಾಳಿ, ಮೊದಲು ಅವನ ಮಣಿಕಟ್ಟು ಹಿಡಿದೆ. ನಾಡಿ ಲಾಗ ಹಾಕುತ್ತಿತ್ತು. ಡೋರೀನ್ ಸೌಟು ಹಿಡಿದುಕೊಂಡೇ ಓಡಿಬಂದಳು.

"ಅಯ್ಯೋ, ಏನಾಯ್ತು? ಯಾರು ಸತ್ರು?"

"ಬಿಟರ್ನು" ಎಂದ ವಿಲ್ಫ್.

"ಅದ್ಯಾರು?"

ಬಿಟರ್ನು ಅಂದರೆ ಕೊಕ್ಕರೆ ಜಾತಿಯ ಹಕ್ಕಿ. ನಾನು ಅದನ್ನು ಜೊಂಡುಕೊಕ್ಕರೆ ಎಂದೇ ಕರೆಯುತ್ತೇನೆ. ಮೈಯೆಲ್ಲ ಒಣಗಿದ ಜೊಂಡಿನದೇ ಬಣ್ಣ, ಜೊಂಡಿನದೇ ಗೆರೆ. ಯಾರಾದರೂ ಬಂದರೆ ಕೊಕ್ಕನ್ನು ಆಕಾಶಕ್ಕೆತ್ತಿ ಸುಮ್ಮನೆ ನಿಂತುಬಿಡುತ್ತದೆ. ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಕೆರೆ ಹೆಪ್ಪುಗಟ್ಟಿದಾಗ ಮಾತ್ರ ಮೀನು ಸಿಗದೆ ಹಸಿವಿಗೆ ಹೊರಗೆ ಬರುತ್ತದೆ. ನಮ್ಮ ತೇಪೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ವಿಲ್ಫ್ ಒಬ್ಬನೇ ಕೂತಿದ್ದಾಗ ಅದು ಜೊಂಡಿನಿಂದ ಎದ್ದು, ನೀರಿನ ಮೇಲೆ ಹಾದು, ಆಚೆಯ ಜೊಂಡಿಗಿಳಿದು ಮಾಯವಾಯಿತಂತೆ. ಫೋಟೋ ಇಲ್ಲ. ಅವನ ಫೋನು ಇರುವುದು ಮಾತಾಡಲಿಕ್ಕೆ, ಅದೂ ಡೋರೀನ್ ಬೈಯಲು ಮಾತ್ರ.

ಸುದ್ದಿ ಮಧ್ಯಾಹ್ನದ ಹೊತ್ತಿಗೆ ಇಡೀ ಸಂಘಕ್ಕೆ ಹಬ್ಬಿತು. ಪಿಲ್ಲಿಂಗ್ ವಿಲ್ಫನ ಮನೆ ಬಾಗಿಲಿಗೇ ಬಂದ, ಅಂಗಿಯ ತೋಳು ಮಡಚಿಕೊಂಡು.

"ಈ ಬಿಸಿಲಲ್ಲಿ ಜೊಂಡುಕೊಕ್ಕರೇನಾ? ಐಸ್‌ಕ್ರೀಂ ತಿನ್ನೋಕೆ ಬಂದಿತ್ತೇನೋ."

"ಕಣ್ಣಾರೆ ನೋಡಿದೆ ಕಣೋ."

"ಟಿಕೆಟ್?"

"ಇಲ್ಲ."

"ಹಾಗಾದ್ರೆ ಇಳಿ."

ಹಕ್ಕಿ ನೋಡುವವರಲ್ಲಿ ಕಾಣದ ಹಕ್ಕಿಯನ್ನು ಕಂಡೆ ಅನ್ನುವುದಕ್ಕೊಂದು ಮಾತಿದೆ, ‘ಸ್ಟ್ರಿಂಗ್’. ಅಂದರೆ ದಾರ. ನಾವು ರೀಲು ಬಿಡುವುದು ಅನ್ನುತ್ತೇವಲ್ಲ, ಅದೇ ದಾರ, ಅದೇ ರೀಲು. ಎಲ್ಲೆಲ್ಲೋ ಇರುವ ಎರಡು ನಾಡಿನ ಜನ ಸುಳ್ಳಿಗೆ ದಾರವನ್ನೇ ಯಾಕೆ ಹುಡುಕಿಕೊಂಡರೋ ನನಗೆ ತಿಳಿಯದು. ಆದರೆ ಅವರಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕುಡುಕ ಎಂದರೆ ನಗುತ್ತಾರೆ, ಕಳ್ಳ ಎಂದರೆ ವಿಚಾರಿಸೋಣ ಅನ್ನುತ್ತಾರೆ, ರೀಲು ಬಿಡುವವನು ಎಂದರೆ ಪಕ್ಕದ ಬೆಂಚಿಗೆ ಸರಿದು ಕೂರುತ್ತಾರೆ. ಆ ವಾರದ ಚಹಾ ಕೂಟದಲ್ಲಿ ವಿಲ್ಫ್ ಕೂತ ಬೆಂಚಿನಲ್ಲಿ ಅವನೊಬ್ಬನೇ ಇದ್ದ. ನನಗೆ ಮೈ ಉರಿದುಹೋಯಿತು. ಕೇಕಿನ ತಟ್ಟೆ ಎತ್ತಿಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತೆ. ಸಂಘದವರೆಲ್ಲ ಆಗ ಕೇಕಿಗಾಗಿಯಾದರೂ ಆ ಕಡೆ ಬರಬೇಕಾಯಿತು.

ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಘಟಕದ ಬೀಗದ ಕೈ ಇರುವುದು ಒಂದೇ. ನೀರಿನ ಕಂಪನಿಯವರು ಸಂಘವನ್ನು ನಂಬಿ ಕೊಟ್ಟದ್ದು. ನಂಬಿಕಸ್ಥನ ಹತ್ತಿರ ಇರಬೇಕಾದದ್ದು ರೀಲು ಬಿಡುವವನ ಕತ್ತಿನಲ್ಲಿ ಯಾಕೆ ಎಂದು ಯಾರೋ ಕೇಳಿದರು. ಸಂಘದ ಅಧ್ಯಕ್ಷೆ ಮಿಸೆಸ್ ರಿಮ್ಮರ್, ಈ ಊರಲ್ಲಿ ಎಲ್ಲರೂ ಬಹುವಚನದಲ್ಲಿ ಮಾತಾಡಿಸುವ ಒಬ್ಬರೇ ಮನುಷ್ಯರು, ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು. ಫೆಬ್ರವರಿ ಕೊನೆಯ ಸಭೆಯಲ್ಲಿ ನಿರ್ಧಾರ ಮಾಡೋಣ, ಅಲ್ಲಿಯವರೆಗೆ ಮಿಸ್ಟರ್ ಪಿಲ್ಲಿಂಗ್ ದಿನಾ ಮಿಸ್ಟರ್ ಎಕರ್ಸ್ಲಿಯ ಜೊತೆ ಗುಡಿಸಲಿನಲ್ಲಿ ಕೂರಲಿ.

ಡೋರೀನ್ ಅವತ್ತು ಗೋಡೆಯ ಮೇಲೆ ಮೊಣಕೈ ಊರಿ ಗೋಳಾಡಿದಳು. "ಕೀ ಹೋದ್ರೆ ಇವನು ಇಡೀ ದಿನ ಮನೇಲಿರ್ತಾನೆ ಕಣೇ. ನನ್ನ ಗತಿ ಏನು? ಹೋದ ಸಲ ಜ್ವರ ಬಂದು ಮನೇಲಿದ್ದಾಗ ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ಹಕ್ಕಿ ಜಾತಿ ಥರ ಜೋಡಿಸಿಟ್ಟಿದ್ದ. ಉಪ್ಪು ಎಲ್ಲಿದೆ ಅಂತ ಇವತ್ತಿಗೂ ಹುಡುಕ್ತಿದ್ದೀನಿ." ಆಮೇಲೆ ದನಿ ತಗ್ಗಿಸಿ, "ಊಟಾನೂ ಸರಿಯಾಗಿ ಮಾಡ್ತಿಲ್ಲ ಕಣೇ" ಎಂದಳು.

ವಿಲ್ಫ್ ನನ್ನ ಹತ್ತಿರ ನೇರವಾಗಿಯೇ ಹೇಳಿದ. "ಅದನ್ನ ಬರ್ಕೊಳ್ದಿದ್ರೆ ಬೇಡ ಬಿಡು ಚಿನ್ನಾ. ಹಕ್ಕಿಗೇನು ಬೇಜಾರಿಲ್ಲ. ಆದ್ರೆ ಸುಳ್ಳ ಅನ್ನಿಸ್ಕೊಂಡು ಆ ಗೇಟ್ ಮುಂದೆ ಹೋಗಿ, ಪಿಲ್ಲಿಂಗ್ ಎದ್ದು, ಮೊಟ್ಟೆ ತಿಂದು, ಬೀಗ ತೆಗೆಯೋವರೆಗೂ ಕಾಯ್ಕೊಂಡು ನಿಲ್ಬೇಕಲ್ಲ. ಅದು ನನ್ನ ಕೈಲಿ ಆಗಲ್ಲ."

ಈಗ ಅವನಿಗೆ ಉಳಿದಿದ್ದ ದಾರಿ ಒಂದೇ. ಕೊರೆಯುವ ಚಳಿ ಬೀಳಬೇಕು. ಕೆರೆ ಹೆಪ್ಪುಗಟ್ಟಬೇಕು. ಹಕ್ಕಿ ಹಸಿವಿಗೆ ಹೊರಗೆ ಬರಬೇಕು. ಪಿಲ್ಲಿಂಗ್ ಅದನ್ನು ನೋಡಬೇಕು.

ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿ ನಾಳೆಯೂ ಬೆಚ್ಚಗಿರುತ್ತದೆ ಎಂದು ನಕ್ಕರೆ ಇವನು ಸೋಫಾದಿಂದ ಎದ್ದು ನಿಂತು ಬೈಯುತ್ತಿದ್ದ. ದಿನಾ ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಒಂದು ಸಾಸರಿನಲ್ಲಿ ನೀರಿಟ್ಟು, ಬೆಳಗ್ಗೆ ಎದ್ದು ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ನೀರು ನೀರಾಗಿಯೇ ಇರುತ್ತಿತ್ತು. ಕೆಲವು ಸಲ ಎದುರು ಮನೆಯ ಬೆಕ್ಕು ಅದನ್ನೂ ಕುಡಿದುಬಿಡುತ್ತಿತ್ತು.

ಒಂದು ಬೆಳಗ್ಗೆ ಹಿತ್ತಲಿಂದ ಕೂಗು ಕೇಳಿಸಿತು. "ಗಡ್ಡೆ! ಗಡ್ಡೆ ಕಟ್ಟಿದೆ!" ನಾನು ಹೊರಗೆ ಬರುವಷ್ಟರಲ್ಲಿ ಅವನು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬೀದಿಗಿಳಿದಿದ್ದ. ಗೋಡೆಯ ಮೇಲಿಂದ ಬಗ್ಗಿ ಸಾಸರು ನೋಡಿದೆ. ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ನಿಜ. ಚೌಕಾಕಾರದ ತುಂಡುಗಳು. ಅಡುಗೆಮನೆಯ ಕಿಟಕಿಯಲ್ಲಿ ಡೋರೀನ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಒಂದ್ ದಿನ ಆದ್ರೂ ಖುಷಿಯಾಗಿರ್ಲಿ ಅಂತ ಫ್ರಿಜ್ಜಿಂದ ಹಾಕ್ದೆ ಕಣೇ. ಹೀಗೆ ಓಡ್ತಾನೆ ಅಂತ ನನಗೇನು ಗೊತ್ತಿತ್ತು?"

ವಿಲ್ಫ್ ಕೆರೆಗೆ ಹೋದರೆ ಪಿಲ್ಲಿಂಗ್ ಗೇಟಿನ ಹತ್ತಿರ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದನಂತೆ. ಚಪ್ಪಲಿ ನೋಡಿ ಪಕ್ಕಕ್ಕೆ ಸರಿದನಂತೆ. ಮನೆಗೆ ಬಂದ ವಿಲ್ಫ್ ಸಾಸರಿನಲ್ಲಿ ಇನ್ನೂ ಕರಗದೆ ಉಳಿದಿದ್ದ ಒಂದು ತುಂಡನ್ನು ಎತ್ತಿ, ಅದರ ನಾಲ್ಕು ಮೂಲೆ ನೋಡಿದ. ಎಲ್ಲ ಅರ್ಥವಾಯಿತು. ಅವತ್ತು ಸಂಜೆಯಿಂದ ಸಾಸರು ಇಡುವುದನ್ನು ಬಿಟ್ಟ.

ಸಭೆಗೆ ಎರಡು ದಿನ ಇರುವಾಗ ವಿಲ್ಫ್ ಚಹಾದ ಫ್ಲಾಸ್ಕ್ ಮರೆತು ಹೋಗಿದ್ದ. ಕೊಟ್ಟು ಬಾ ಎಂದು ಡೋರೀನ್ ನನ್ನ ಕೈಗೆ ತುರುಕಿದಳು. ಹೋದೆ. ಗುಡಿಸಲಿನಲ್ಲಿ ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ಪಿಲ್ಲಿಂಗ್ ದುರ್ಬೀನು ಕತ್ತಿಗೆ ಹಾಕಿಕೊಂಡು, ಕೈಯಲ್ಲಿ ಕಡುಬಿನಂಥ ಮಾಂಸದ ಪೈ ಹಿಡಿದು ಕಿಂಡಿಯಲ್ಲಿ ನೋಡುತ್ತಿದ್ದ.

"ಚೆಕಿಂಗ್ ಹೇಗೆ ನಡೀತಿದೆ?" ಎಂದು ಕೇಳಿದೆ.

"ಪ್ರಯಾಣಿಕರೇ ಇಲ್ಲ" ಎಂದ ಪಿಲ್ಲಿಂಗ್. "ಟ್ರಾಲಿ ಮೇಲೆ ಒಂದು ಪಾಸ್ ಹೋಲ್ಡರ್ ಕೂತಿದೆ, ಅಷ್ಟೇ."

ನಾನು ಚಹಾ ಬಗ್ಗಿಸಿ ವಿಲ್ಫ್‌ನ ಕೈಗೆ ಕೊಟ್ಟೆ. ಅವನು ಜೇಬಿನಿಂದ ಡೈಜೆಸ್ಟಿವ್ ಬಿಸ್ಕತ್ತು ತೆಗೆದ. ಆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುವುದು ಈ ಜನಕ್ಕೆ ಪೂಜೆಯಷ್ಟೇ ಗಂಭೀರವಾದ ಕೆಲಸ. ಎಷ್ಟು ಹೊತ್ತು ಅದ್ದಬೇಕು ಎಂಬುದರ ಮೇಲೆ ಮದುವೆಗಳು ಮುರಿದಿವೆ. ಒಂದು ಕ್ಷಣ ಹೆಚ್ಚಾದರೆ ಮುರಿದು ಬಟ್ಟಲಿನ ತಳಕ್ಕೆ ಹೋಗುತ್ತದೆ, ಚಹಾ ಅಂಬಲಿಯಾಗುತ್ತದೆ. ಮಾತಾಡುತ್ತಿದ್ದ ವಿಲ್ಫ್ ಅವತ್ತು ಒಂದು ಕ್ಷಣ ಹೆಚ್ಚು ಅದ್ದಿದ. ಮುರಿಯಿತು.

"ಅಯ್ಯಯ್ಯೋ!" ಎಂದು ಬಟ್ಟಲಿಗೆ ಬಗ್ಗಿದ. "ಚಿನ್ನಾ, ಸ್ಪೂನು, ಸ್ಪೂನು! ಬೇಗ, ಮುಳುಗ್ತಿದೆ!"

ನಾನು ಚೀಲದಲ್ಲಿ ತಡಕಾಡಿ ಸ್ಪೂನು ಕೊಟ್ಟೆ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಟ್ಟಲಿನಿಂದ ಬಿಸ್ಕತ್ತನ್ನು ಎತ್ತುತ್ತಿದ್ದೆವು. ತಲೆಯೆತ್ತಿ ಪಿಲ್ಲಿಂಗ್ ಕಡೆ ನೋಡಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಒಳಗೆ ಅಗಿಯದ ಪೈ. ಹೃದಯಾಘಾತವೇ ಎಂದು ಹಾರಿ ಹೋಗಿ ಮಣಿಕಟ್ಟು ಹಿಡಿದೆ. ನಾಡಿ ಲಾಗ ಹಾಕುತ್ತಿತ್ತು.

"ಏನಾಯ್ತು ಗಾರ್ಡನ್? ಎದೆ ನೋವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಪೈ ನುಂಗಿದ. ಕಿಂಡಿಯ ಕಡೆ ಬೆರಳು ತೋರಿಸಿದ.

"ಅದು" ಎಂದ. "ಹೀಗೆ ಹೋಯ್ತು. ಈ ಜೊಂಡಿಂದ ಆ ಜೊಂಡಿಗೆ."

ವಿಲ್ಫ್ ಸ್ಪೂನು ಹಿಡಿದವನು ಹಾಗೇ ಕೂತಿದ್ದ. ಹೊರಗೆ ನೋಡಿದ. ನೀರು, ಟ್ರಾಲಿ, ನೀರುಕಾಗೆ. ಮತ್ತೇನೂ ಇರಲಿಲ್ಲ. ಆಮೇಲೆ ನಾನು ಹಿಡಿದುಕೊಂಡಿದ್ದ ಪಿಲ್ಲಿಂಗ್‌ನ ಮಣಿಕಟ್ಟನ್ನು ಬಹಳ ಹೊತ್ತು ನೋಡಿದ. ಕೊನೆಗೆ ಖಾಲಿ ಇದ್ದ ಕೈಯನ್ನು ಅವನ ಮುಂದೆ ಚಾಚಿದ.

"ಟಿಕೆಟ್?"

ಕತ್ತಿನಲ್ಲಿ ನೇತಾಡುತ್ತಿದ್ದ ದುರ್ಬೀನನ್ನು ಪಿಲ್ಲಿಂಗ್ ಕಣ್ಣಿಗೇ ಎತ್ತಿರಲಿಲ್ಲ. ಒಂದು ಕೈಯಲ್ಲಿ ಪೈ ಇತ್ತಲ್ಲ. ಆಮೇಲೆ ಅವನು ಆಡಿದ ಮಾತು ಕೇಳಿ ನಾನು ಬೆಚ್ಚಿಬಿದ್ದೆ. ಜೀವಮಾನದಲ್ಲಿ ಒಬ್ಬ ಮುದುಕಿಯನ್ನೂ ಅರ್ಧ ಸ್ಟಾಪು ಪುಕ್ಕಟೆ ಬಿಟ್ಟವನಲ್ಲ.

"ವಿಲ್ಫ್, ನೀನೂ ನೋಡಿದೆ ಅನ್ನು. ಪಕ್ಕದಲ್ಲೇ ಇದ್ದೆಯಲ್ಲ. ಇಬ್ಬರು ನೋಡಿದ್ದು ಅಂತ ಆಗತ್ತೆ. ನಿಂದು ಜನವರೀದೂ ಒಪ್ಕೋತಾರೆ. ಕೀ ನಿನ್ನ ಹತ್ರಾನೇ ಉಳಿಯತ್ತೆ. ಒಂದೇ ಮಾತು."

ಹೂಂ ಅನ್ನು ಮಾರಾಯ, ಹೂಂ ಅನ್ನು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ನನ್ನ ನೀತಿ ನಿಯಮವೆಲ್ಲ ಅಷ್ಟೇ ಎಂದು ಅವತ್ತು ಗೊತ್ತಾಯಿತು.

ವಿಲ್ಫ್ ಸ್ಪೂನಿನಲ್ಲಿದ್ದ ಒದ್ದೆ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದ.

"ನಾನು ನೋಡ್ಲಿಲ್ವಲ್ಲೋ" ಎಂದ.

ಫೆಬ್ರವರಿಯ ಸಭೆ ಚರ್ಚಿನ ಹಿಂದಿನ ಕೋಣೆಯಲ್ಲಿ. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು, ಅಷ್ಟು ಸೆಕೆ. ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಪಾಟ್ ಬಡಿಸಿದ್ದರು, ಜೊತೆಗೆ ಕೆಂಪು ಕೋಸಿನ ಉಪ್ಪಿನಕಾಯಿ. ವಿಲ್ಫ್ ತಟ್ಟೆ ಮುಟ್ಟಲಿಲ್ಲ. ಬೀಗದ ಕೈಯನ್ನು ಅಂಗಿಯ ಹೊರಗೆ ಹಾಕಿಕೊಂಡು ಬಂದಿದ್ದ. ಕೇಳಿದ ತಕ್ಷಣ ಕೊಟ್ಟುಬಿಡೋಣ ಎಂದು. ಡೋರೀನ್ ಹಿಂದಿನ ಸಾಲಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದಳು, ಸಂಘದ ಸಭೆಗೆ ಅವಳು ಬಂದದ್ದೇ ಅವತ್ತು.

ಬೀಗದ ಕೈಯ ವಿಷಯ ಬರುವ ಮೊದಲೇ ಪಿಲ್ಲಿಂಗ್ ಎದ್ದು ನಿಂತ. ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ವಿಲ್ಫ್ ಬಾಯಿ ಬಿಡುವವನಲ್ಲ. ನಾನು ಬಿಡುತ್ತಿದ್ದೆನೇನೋ, ಆದರೆ ನನ್ನ ಮಾತನ್ನು ಯಾರು ಕೇಳಬೇಕು? ಅವನು ಕೋಟಿನ ಗುಂಡಿ ಹಾಕಿಕೊಂಡು ಹೇಳಿದ.

"ಜೊಂಡುಕೊಕ್ಕರೆ. ಒಂದು. ಗುಡಿಸಲಿನ ಮುಂದೆ ಹಾರಿ ಹೋಯಿತು. ನೋಡಿದವನು ನಾನು."

ಕೋಣೆಯಲ್ಲಿ ಸ್ಪೂನುಗಳ ಸದ್ದು ನಿಂತಿತು. ಹಿಂದಿನಿಂದ ಯಾರೋ ಮೆಲ್ಲಗೆ ಅಂದರು, "ಈ ಬಿಸಿಲಲ್ಲಾ? ಐಸ್‌ಕ್ರೀಂ ತಿನ್ನೋಕೆ ಬಂದಿತ್ತೇನೋ." ನಗೆಯೆದ್ದಿತು. ಪಿಲ್ಲಿಂಗ್‌ನ ಕಿವಿ ಕೆಂಪಗಾಯಿತು.

"ಫೋಟೋ?" ಎಂದರು ಮಿಸೆಸ್ ರಿಮ್ಮರ್.

"ಇಲ್ಲ."

"ಜೊತೆಗೆ ನೋಡಿದವರು?"

ಪಿಲ್ಲಿಂಗ್ ವಿಲ್ಫ್ ಕಡೆ ನೋಡಿದ. ಎಲ್ಲರೂ ನೋಡಿದರು. ವಿಲ್ಫ್ ಎದ್ದ. ಕತ್ತಿನ ಬೀಗದ ಕೈ ಮೇಜಿಗೆ ತಾಗಿ ಟಣ್ ಎಂದಿತು.

"ನಾನು ಪಕ್ಕದಲ್ಲೇ ಇದ್ದೆ. ಆದ್ರೆ ನೋಡ್ಲಿಲ್ಲ."

"ಯಾಕೆ?"

"ಬಿಸ್ಕತ್ತು ಮುರೀತು, ಮೇಡಂ."

ಮುಂದಿನ ಒಂದೆರಡು ನಿಮಿಷ ಸಭೆ ನಡೆಯಲಿಲ್ಲ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಡೋರೀನ್ ಕೂಡ ನಕ್ಕಳು, ಕಣ್ಣು ಒರೆಸಿಕೊಂಡಳು, ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ. ಮಿಸೆಸ್ ರಿಮ್ಮರ್ ಮೇಜು ಕುಟ್ಟಿ, ಹಾಗಾದರೆ ಇದನ್ನೂ ಒಪ್ಪುವ ಹಾಗಿಲ್ಲ ಎಂದು ನನಗೆ ಬರೆದುಕೊಳ್ಳಲು ಹೇಳಿದರು.

"ಬರ್ಕೊಳ್ಳಿ" ಎಂದ ವಿಲ್ಫ್. "ನಿಯಮ ನಿಯಮಾನೇ. ಆದ್ರೆ ಅವನು ನೋಡಿದ್ದು ನಿಜ."

"ನೀವು ನೋಡಲಿಲ್ಲ ಅಂದಿರಲ್ಲ?"

"ಹಕ್ಕೀನ ನೋಡ್ಲಿಲ್ಲ. ಅವನ ಮುಖ ನೋಡ್ದೆ. ಅಷ್ಟು ವರ್ಷ ನನ್ನ ಬಸ್ಸು ಹತ್ತಿದಾನೆ ಮೇಡಂ, ಒಂದು ದಿನಾನೂ ಆ ಮುಖದಲ್ಲಿ ಏನೂ ಕಂಡವನಲ್ಲ ನಾನು. ಅವತ್ತು ಯಾರೋ ಸತ್ತ ಸುದ್ದಿ ಬಂದವನ ಥರ ಕೂತಿದ್ದ. ಬೇಕಾದ್ರೆ ಇವಳನ್ನ ಕೇಳಿ. ಇವಳು ಅವನ ನಾಡಿ ಹಿಡಿದಿದ್ಲು. ಜನವರೀಲಿ ನಂದೂ ಹಿಡಿದಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಕಾರ್ಯದರ್ಶಿಯಾಗಿದ್ದರೂ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ಎರಡೂ ಒಂದೇ ಥರ ಓಡ್ತಿತ್ತು" ಎಂದೆ. "ನಾನು ಹಕ್ಕಿ ಕಂಡವಳಲ್ಲ. ನಾಡಿ ಸಾವಿರಾರು ಕಂಡಿದ್ದೀನಿ. ಬಾಯಿ ರೀಲು ಬಿಡಬಹುದು, ಮಣಿಕಟ್ಟು ಬಿಡಲ್ಲ."

ಯಾರೂ ನಗಲಿಲ್ಲ. ಮಿಸೆಸ್ ರಿಮ್ಮರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ನಾಡಿಯ ಬಗ್ಗೆ ನಿಯಮದಲ್ಲಿ ಏನಿದೆ ಎಂದು ಪಿಲ್ಲಿಂಗ್‌ನನ್ನು ಕೇಳಿದರು.

"ಏನೂ ಇಲ್ಲ" ಎಂದ ಪಿಲ್ಲಿಂಗ್. "ಟಿಕೆಟ್ ಇಲ್ದೆ ಇಬ್ಬರು ಹತ್ತಿದ್ರೆ ಇಬ್ಬರನ್ನೂ ಇಳಿಸ್ಬೇಕು. ವಿಲ್ಫ್‌ದೂ ಬೇಡ, ನಂದೂ ಬೇಡ. ಬರ್ಕೋ." ಇಷ್ಟು ಹೇಳಿ ಕೂರಲು ಹೋದವನು ಮತ್ತೆ ನಿಂತ. "ಕೀ ವಿಷಯ ಮಾತ್ರ ಬೇರೆ. ನಾನು ಅವತ್ತು ಇವನಿಗೆ ನೋಡಿದೆ ಅಂತ ಸುಳ್ಳು ಹೇಳು ಅಂದೆ. ನಾನು! ಹೇಳಿದ್ರೆ ಕೀ ನಿಂದೇ ಅಂತಾನೂ ಅಂದೆ. ಇವನು ನೋಡ್ಲಿಲ್ಲ ಅಂದ. ಇನ್ನು ಕೀ ಯಾರ ಹತ್ರ ಇರಬೇಕು ಅಂತ ಯಾರಾದ್ರೂ ಕೇಳೋದಿದ್ರೆ ಈಗಲೇ ಎದ್ದು ಕೇಳ್ಲಿ."

ಯಾರೂ ಏಳಲಿಲ್ಲ. ವಿಲ್ಫ್ ಬೀಗದ ಕೈಯನ್ನು ಅಂಗಿಯೊಳಗೆ ಬಿಟ್ಟುಕೊಂಡು, ತಣ್ಣಗಾಗಿದ್ದ ಹಾಟ್‌ಪಾಟ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡನೇ ಸಲ ಬಡಿಸಿಕೊಂಡದ್ದನ್ನೂ ನಾನು ನೋಡಿದೆ.

ಮಂಜು ಬಿದ್ದದ್ದು ಏಪ್ರಿಲ್ಲಿನಲ್ಲಿ. ಡೋರೀನಳ ಹೂಗಿಡಗಳೆಲ್ಲ ಒಂದೇ ಬೆಳಗ್ಗೆಗೆ ಸುಟ್ಟುಹೋದವು. ಮುಂದೆ ಅನುಭವಿಸುತ್ತೇವೆ ಎಂದವರಿಗೆಲ್ಲ ಆವತ್ತು ಹಬ್ಬ. ಜೊಂಡುಕೊಕ್ಕರೆ ಅಷ್ಟರಲ್ಲಿ ಎಲ್ಲಿಗೋ ಹೊರಟುಹೋಗಿತ್ತು. ಸಂಘದ ವರದಿಯಲ್ಲಿ ಆ ವರ್ಷ ಅದರ ಹೆಸರಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದವಳು ನಾನೇ, ನನಗೆ ಗೊತ್ತು.

ಈಗಲೂ ಫ್ಲಾಸ್ಕ್ ಕೊಡಲು ಒಮ್ಮೊಮ್ಮೆ ಹೋಗುತ್ತೇನೆ. ಇಬ್ಬರೂ ಬೆಂಚಿನ ನಡುವೆ ಒಟ್ಟಿಗೆ ಕೂತಿರುತ್ತಾರೆ. ಪಿಲ್ಲಿಂಗ್ ಗುಡಿಸಲಿಗೆ ಹೊಸದೊಂದು ನಿಯಮ ಮಾಡಿದ್ದಾನೆ. ಬಿಸ್ಕತ್ತು ಕೈಗೆತ್ತಿಕೊಂಡವನು ಮೊದಲು ಕೇಳಬೇಕು.

"ನೋಡ್ತಿದ್ದೀಯಾ?"

"ನೋಡ್ತಿದ್ದೀನಿ. ನೀನು ಅದ್ದು."